ಪರದೇಶದಲ್ಲಿ ನಾನು ಹಾಕಿದ ಒಡ್ಡು

ನಾನು ಯಾರ ಮನೆಗೆ ಹೋದರೂ ಮೊದಲು ಕಿವಿ ಕೊಡುವುದು ಅವರ ಮಾತಿಗಲ್ಲ, ಅವರ ಬಚ್ಚಲಿಗೆ. ಒಳಗೆಲ್ಲೋ ನಳ ಸೋರುವ ಸದ್ದು ಕೇಳಿಸಿತೆಂದರೆ ಕೈಯಲ್ಲಿದ್ದ ಚಹಾ ಗಂಟಲಲ್ಲಿ ಇಳಿಯುವುದಿಲ್ಲ. ಹೇಗಾದರೂ ನೆಪ ಹುಡುಕಿ ಎದ್ದು ಹೋಗಿ, ನಳ ತಿರುವಿ ಬಿಗಿ ಮಾಡಿ ಬಂದು ಕುಳಿತ ಮೇಲೆಯೇ ನನಗೆ ಮಾತು ಹೊರಡುವುದು. ಹೋದ ತಿಂಗಳು ಅಥಣಿ ರಸ್ತೆಯ ಕಡೆ ಬೀಗರೊಬ್ಬರ ಹೊಸ ಮನೆಯ ವಾಸ್ತುಶಾಂತಿ ಇತ್ತು. ಹಿತ್ತಲಲ್ಲಿ ಒಂದು ನಳ ಹರಿಯುವ ಸದ್ದು ಕೇಳಿಸಿತು, ಹತ್ತಿರ ಯಾರೂ ಇರಲಿಲ್ಲ. ನಾನು ಬಂದ್ ಮಾಡಿದೆ. ಅದರ ಬಾಯಿಗೆ ಸಿಕ್ಕಿಸಿದ ರಬ್ಬರಿನ ಕೊಳವೆ ಗೋಡೆಯಾಚೆ ಅಡಿಗೆಯವರ ಹಂಡೆಗೆ ಹೋಗಿದೆ ಎಂಬುದನ್ನು ನೋಡಲಿಲ್ಲ. ಐದು ನಿಮಿಷಕ್ಕೆ ಅಡಿಗೆಯವನು ಹಿಟ್ಟಿನ ಕೈಯಲ್ಲೇ ಹೊರಬಂದ.

"ಯಾರ್ರಿ ಅವ್ರು, ನೀರ ಬಂದ್ ಮಾಡಿದವ್ರು?"

ನನ್ನ ಹೆಂಡತಿ ನನಗೆ ಉಸಿರಾಡಲೂ ಬಿಡದೆ ಹೇಳಿದಳು. "ಇವ್ರ ನೋಡ್ರಿ. ಸಣ್ಣವರಿದ್ದಾಗ ಪರದೇಶಕ್ಕ ಹೋಗಿ ಬಂದಾರ. ಆವಾಗಿಂದ ಕೈ ಸುಮ್ಮ ಇರೂದಿಲ್ಲ."

ಪರದೇಶ ಎಂದ ಕೂಡಲೇ ಪಂಕ್ತಿಯಲ್ಲಿ ಕುಳಿತವರೆಲ್ಲ ನನ್ನ ಕಡೆ ತಿರುಗಿದರು. ಲಂಡನ್ನೇ, ಅಮೆರಿಕವೇ ಎಂದು ಒಬ್ಬರು ಕೇಳಿಯೂ ಬಿಟ್ಟರು. ನೇಪಾಳ, ಅದೂ ಒಂಬತ್ತನೆಯ ಇಯತ್ತೆಯಲ್ಲಿದ್ದಾಗ ಎಂದೆ. ಅವರು ಮತ್ತೆ ಹೋಳಿಗೆಯ ಕಡೆ ತಿರುಗಿದರು. ನಿಮಗೆ ಅಷ್ಟು ಅವಸರವಿಲ್ಲ ಎಂದುಕೊಂಡು ಹೇಳುತ್ತಿದ್ದೇನೆ.

ಅರವತ್ತರ ದಶಕದ ಆರಂಭದ ವರ್ಷಗಳು. ತಿಕೋಟಾದ ಸಾಲೆಯಲ್ಲಿ ನಮಗೆ ಇತಿಹಾಸ ಹೇಳುತ್ತಿದ್ದವರು ಹೊಸಮನಿ ಮಾಸ್ತರು. ತೆಳ್ಳಗಿನ ಮನುಷ್ಯ, ಬಿಳಿ ಪೈಜಾಮ, ಅದಕ್ಕಿಂತ ಬಿಳಿಯಾದ ಹಲ್ಲು. ಕೆಲವು ವರ್ಷಗಳ ಹಿಂದೆ ಅವರ ಮನೆಯವರೆಲ್ಲ ಬೌದ್ಧರಾಗಿದ್ದರು. ಬುದ್ಧ ಹುಟ್ಟಿದ ಲುಂಬಿನಿಯನ್ನು ಒಮ್ಮೆ ಕಣ್ಣಾರೆ ನೋಡಬೇಕೆಂಬುದು ಅವರ ಆಸೆ. ಒಬ್ಬರೇ ಹೋಗಿ ಬಂದಿದ್ದರೆ ಯಾರೂ ಏನೂ ಅನ್ನುತ್ತಿರಲಿಲ್ಲ. ಆದರೆ ಅವರಿಗೆ ಯಾವುದನ್ನೂ ಒಬ್ಬರೇ ನೋಡಿ ಗೊತ್ತಿರಲಿಲ್ಲ. ದೀಪಾವಳಿ ಸೂಟಿಯಲ್ಲಿ ಹದಿನಾರು ಹುಡುಗರನ್ನು ಕಟ್ಟಿಕೊಂಡು ಹೋಗುವುದು, ಅಲ್ಲಿಯ ಹಳೆಯ ಕೊಳದ ಸುತ್ತ ಬೆಳೆದ ಹುಲ್ಲು ಕಿತ್ತು ದಾರಿ ಸರಿ ಮಾಡಿ ಶ್ರಮದಾನ ಮಾಡುವುದು, ಹಾಗೆಯೇ ದೇಶ ನೋಡಿಕೊಂಡು ಬರುವುದು ಎಂದು ಗೊತ್ತು ಮಾಡಿದರು. ಬಬಲೇಶ್ವರದಿಂದ ನಾಲ್ವರು, ಕನಮಡಿಯಿಂದ ನನ್ನ ಗೆಳೆಯ ಮಲ್ಲ್ಯಾ ಒಬ್ಬ, ಉಳಿದವರು ನಾವು ತಿಕೋಟಾದವರು.

ಹೊರಡುವ ದಿನ ನಮ್ಮವ್ವ ಕಟ್ಟಿಕೊಟ್ಟ ಗಂಟು ನನಗಿಂತ ಭಾರವಿತ್ತು. ತಿಂಗಳಾದರೂ ಕೆಡದ ಕಟಕ್ ರೊಟ್ಟಿ, ಶೇಂಗಾ ಹಿಂಡಿ, ಒಂದು ಡಬ್ಬಿ ಮಾದ್ಲಿ. ಓಣಿಯವರು ಹಾರ ಹಾಕಿದರು. ಅವ್ವ ಮಾತ್ರ ಅಳಲಿಲ್ಲ. ಅವಳಿಗೆ ಇದ್ದದ್ದು ಒಂದೇ ಚಿಂತೆ.

"ಗುರ್ಯಾ, ಅಲ್ಲಿ ಕುಡಿಯಾಕ ನೀರ ಸಿಗತಾವೋ ಇಲ್ಲೋ ಕೇಳ್ಕೊಂಡೇ ಇಳೀಪಾ."

ಇದು ನಿಮಗೆ ನಗೆ ತರಿಸಬಹುದು. ನಮ್ಮ ಮನೆಯ ನೀರಿನ ರೀತಿ ಗೊತ್ತಿದ್ದರೆ ನಗುತ್ತಿರಲಿಲ್ಲ. ಮನೆಗೆ ಬಂದವರಿಗೆ ನೀರು ಕೊಡುವ ಮೊದಲು ನಮ್ಮ ಅಜ್ಜಿ, "ಅರ್ಧ ತಂಬಗಿ ಸಾಕೋ, ತುಂಬ ಬೇಕೋ?" ಎಂದು ಕೇಳುತ್ತಿದ್ದಳು. ಅದರಲ್ಲಿ ಅವಮಾನವೇನಿಲ್ಲ, ಬಂದವರೂ ಲೆಕ್ಕ ಹಾಕಿಯೇ ಹೇಳುತ್ತಿದ್ದರು. ಅಕ್ಕಿ ತೊಳೆದ ನೀರು ಎಮ್ಮೆಗೆ, ಮುಖ ತೊಳೆದ ನೀರು ಕರಿಬೇವಿಗೆ, ಮೈ ತೊಳೆದ ನೀರು ನುಗ್ಗಿ ಗಿಡಕ್ಕೆ. ಬೇಸಿಗೆಯಲ್ಲಿ ನಮ್ಮ ಊರ ಬಾವಿಯ ತಳದಲ್ಲಿ ನೀರು ಜಿನುಗುವವರೆಗೆ ಅವ್ವ ಕಟ್ಟೆಯ ಮೇಲೆ ಕುಳಿತು ಕಾಯುತ್ತಿದ್ದಳು. ಡೋಣಿ ಹೊಳೆ ಇತ್ತಲ್ಲ ಎನ್ನಬೇಡಿ. ಅದರ ನೀರಿನಲ್ಲಿ ಸಾರು ಕಾಯಿಸಿದರೆ ಉಪ್ಪು ಬೇಡ. ಹೊಲಕ್ಕೆ ನೀರು ಹಾಯಿಸುವ ಮಾತಂತೂ ನಾವು ಕೇಳಿದ್ದೇ ಇಲ್ಲ. ಮಳೆ ನೆಲದಲ್ಲಿ ಬಿಟ್ಟುಹೋದ ಹಸಿಯಲ್ಲೇ ಹಿಂಗಾರಿ ಬಿಳಿಜೋಳ ಬಿತ್ತುವುದು, ಅದರಲ್ಲೇ ಅದು ಬೆಳೆಯುವುದು. ಆ ಮಳೆ ಓಡಿಹೋಗಬಾರದೆಂದು ಹೊಲಕ್ಕೆ ಅಡ್ಡಲಾಗಿ ಒಡ್ಡು ಹಾಕುವುದು. ಒಡ್ಡು ಹಾಕುವುದರಲ್ಲಿ ನಮ್ಮನ್ನು ಮೀರಿಸುವವರಿರಲಿಲ್ಲ. ಹನ್ನೆರಡು ವರ್ಷಕ್ಕೇ ನಾನು ಅಪ್ಪನ ಜೊತೆ ಬುಟ್ಟಿ ಹೊತ್ತು ಮಣ್ಣು ತುಳಿದವನು.

ರೈಲಿನಲ್ಲಿ ನಾಲ್ಕು ದಿನ. ನರ್ಮದೆ ಬಂದಾಗ ಹದಿನಾರೂ ಜನ ಕಿಟಕಿಗೆ ಮುತ್ತಿದೆವು. ಅಷ್ಟು ನೀರನ್ನು ಹೀಗೆ ಹೇಳುವವರು ಕೇಳುವವರಿಲ್ಲದೆ ಬಿಟ್ಟಿದ್ದಾರಲ್ಲ ಎಂದುಕೊಂಡೆ. ಮಲ್ಲ್ಯಾ, "ಇದಕ್ಕ ಯಾರೂ ಒಡ್ಡ ಹಾಕಿಲ್ಲಲೇ" ಎಂದ. ಅವನ ಮುಖದಲ್ಲಿ ನಗುವಿರಲಿಲ್ಲ.

ಗಡಿಯೆಂದರೆ ದೊಡ್ಡ ಕೋಟೆ, ಅಗಸೆ ಬಾಗಿಲು, ತುಪಾಕಿ ಹಿಡಿದ ಸಿಪಾಯಿಗಳು ಎಂದು ನಾವೆಲ್ಲ ತಿಳಿದಿದ್ದೆವು. ಒಂದು ಬಿದಿರಿನ ಗಳ ಅಡ್ಡ ಕಟ್ಟಿತ್ತು. ನಮ್ಮ ಕಣ್ಣೆದುರೇ ಒಂದು ಆಕಳು ಅದರ ಕೆಳಗೆ ತಲೆ ತಗ್ಗಿಸಿ ಪರದೇಶಕ್ಕೆ ಹೋಗಿ ಮೇಯತೊಡಗಿತು. ನಮ್ಮನ್ನು ಮಾತ್ರ ಒಬ್ಬ ಸಿಪಾಯಿ ತಡೆದು ಗಂಟು ಬಿಚ್ಚಿಸಿದ. ಕಟಕ್ ರೊಟ್ಟಿಯ ಅಟ್ಟಿಯನ್ನು ಬಡಿಗೆಯಿಂದ ಬಡಿದು ನೋಡಿದ. ಠಣ್ ಎಂದಿತು. ಇದೇನೆಂದು ಕೇಳಿದ. ಊಟ ಎಂದೆವು. ಅವನು ನಂಬಲಿಲ್ಲ. ಮಲ್ಲ್ಯಾ ಒಂದನ್ನು ಮುರಿದು ಕಟಕಟ ಅಗಿದು ನುಂಗಿ ತೋರಿಸಿದ ಮೇಲೆ ಸಿಪಾಯಿ ಬಹಳ ಕನಿಕರದಿಂದ ಗಳ ಎತ್ತಿದ.

ಲುಂಬಿನಿಯಲ್ಲಿ ಆಗ ಹೆಚ್ಚಿಗೆ ಏನೂ ಇರಲಿಲ್ಲ. ಅಶೋಕನ ಕಂಬ, ಒಂದು ಗುಡಿ, ಕೊಳ, ಸುತ್ತ ಹುಲ್ಲು. ಮಾಸ್ತರು ಕಂಬದ ಮುಂದೆ ಕಣ್ಣು ಮುಚ್ಚಿ ಕೈಮುಗಿದು ನಿಂತರು. ಆ ಹೊತ್ತಿಗೆ ನಾವು ಹದಿನಾರು ಜನ ಕಂಬದ ಸುತ್ತ ನಿಂತು "ಓ" ಎಂದು ಕೂಗಿದೆವು. ತಪ್ಪು ನಮ್ಮದಲ್ಲ. ಗೋಳಗುಮ್ಮಟದ ಜಿಲ್ಲೆಯಲ್ಲಿ ಹುಟ್ಟಿದವರು ಹಳೆಯ ಕಟ್ಟಡ ಕಂಡರೆ ಕೂಗಿಯೇ ನೋಡುತ್ತಾರೆ. ಏಳು ಸಲ ತಿರುಗಿ ಕೇಳಿಸದ ಕಟ್ಟಡ ನಮಗೆ ಕಟ್ಟಡವೇ ಅಲ್ಲ. ಮಾಸ್ತರ ಕಣ್ಣಲ್ಲಿ ನೀರಿತ್ತು. ಅವರು ಬೈಯಲಿಲ್ಲ, ಇಲ್ಲಿ ಸುಮ್ಮನಿದ್ದರೆ ಕೇಳಿಸುತ್ತದೆ ಎಂದಷ್ಟೇ ಹೇಳಿದರು. ನಾವು ಸುಮ್ಮನಾದೆವು. ಏನೂ ಕೇಳಿಸಲಿಲ್ಲ.

ಮೂರು ದಿನ ಹುಲ್ಲು ಕಿತ್ತೆವು. ನಾಲ್ಕನೆಯ ದಿನ ಬೆಳಕು ಹರಿಯುವ ಹೊತ್ತಿಗೆ ನಾನು, ಮಲ್ಲ್ಯಾ, ಬಬಲೇಶ್ವರದ ಇಬ್ಬರು ಚರಿಗೆ ಹಿಡಿದು ಹೊಲಗಳ ಕಡೆ ಹೋದೆವು. ಒಂದು ಸಣ್ಣ ಕಾಲುವೆ ಸಿಕ್ಕಿತು. ಮೊಣಕಾಲುದ್ದ ನೀರು, ಕನ್ನಡಿಯಂಥ ನೀರು, ಜುಳುಜುಳು ಹರಿದು ಒಂದು ಹೊಲಕ್ಕೆ ಇಳಿಯುತ್ತಿತ್ತು. ನಾವು ಆ ಹೊಲ ನೋಡಿದೆವು. ಅದರಲ್ಲಿ ಒಂದು ಎಲೆಯೂ ಇರಲಿಲ್ಲ. ಬರೀ ಮಣ್ಣು. ನೀರು ಹಾಗೇ ಹೋಗಿ ಹೋಗಿ ಮಣ್ಣಿನಲ್ಲಿ ಇಂಗುತ್ತಿತ್ತು, ಕಾಯುವವರು ಒಬ್ಬರೂ ಇರಲಿಲ್ಲ.

ನಿಜ ಹೇಳುತ್ತೇನೆ, ಕಣ್ಣೆದುರು ಯಾರಾದರೂ ಹಾಲಿನ ಗಡಿಗೆಯನ್ನು ಬೇಕೆಂದೇ ಚೆಲ್ಲಿದ್ದರೂ ನಾನು ಅಷ್ಟು ಬೆಚ್ಚುತ್ತಿರಲಿಲ್ಲ.

"ಬರೀ ನೆಲಕ್ಕ ನೀರ ಬಿಟ್ಟಾರಲ್ಲಲೇ" ಎಂದ ಮಲ್ಲ್ಯಾ. "ಹುಚ್ಚ ಹಿಡದೈತೇನು ಈ ಮಂದಿಗೆ?"

"ಯಾವನೋ ತಿರುವಿ ಬಿಟ್ಟು ಮರತ ಹೋಗ್ಯಾನ" ಎಂದೆ ನಾನು. "ನಡೀರಿ, ಸಲಿಕಿ ತರೂಣು."

ಆ ಮಾತು ಆಡಿದವನು ನಾನೇ. ಇಷ್ಟು ವರ್ಷದಲ್ಲಿ ಅದನ್ನು ಮಲ್ಲ್ಯಾನ ಬಾಯಿಗೆ ಹಾಕಿ ಹೇಳಬಹುದಿತ್ತು, ಅವನು ಈಗ ಇಲ್ಲ. ಆದರೆ ಆಡಿದವನು ನಾನು. ನಾಲ್ವರೂ ಓಡಿ ಸಲಿಕೆ ತಂದೆವು. ಹೊಲದ ಬಾಯಿಗೆ ಒಡ್ಡು ಹಾಕಿದೆವು. ಎಂಥ ಒಡ್ಡು ಅಂತೀರಿ. ಅಡಿಯಲ್ಲಿ ಅಗಲ, ಮೇಲೆ ಕಿರಿದು, ಹುಲ್ಲಿನ ಹೆಂಟೆಗಳನ್ನು ನೀರಿನ ಮಗ್ಗುಲಿಗೆ ಹೊಂದಿಸಿ, ಸಂದುಗಳಲ್ಲಿ ಜಿಗಿ ಮಣ್ಣು ಮೆತ್ತಿ, ಹಿಮ್ಮಡದಿಂದ ತುಳಿದು ಗಟ್ಟಿ ಮಾಡಿದ್ದು. ನೀರು ಹಿಂದೆ ಸರಿದು ಮಗ್ಗುಲಿನ ಹಳ್ಳಕ್ಕೆ ಹೊರಳಿತು. ಹಳ್ಳದ ಕೆಳಗಿನ ಯಾರಿಗಾದರೂ ಮುಟ್ಟೀತು, ದಂಡವಾಗಲಿಲ್ಲ ಎಂದುಕೊಂಡೆವು. ಈ ಶ್ರಮದಾನವನ್ನು ಸಂಜೆಯ ಪ್ರಾರ್ಥನೆಯಲ್ಲಿ ಎಲ್ಲರೆದುರು ಹೇಳುವುದೆಂದು ಗುಟ್ಟಾಗಿ ಇಟ್ಟುಕೊಂಡೆವು. ಮಾಸ್ತರು ಬೆನ್ನು ತಟ್ಟುವುದು ಆಗಲೇ ನನ್ನ ಬೆನ್ನಿಗೆ ಗೊತ್ತಾಗುತ್ತಿತ್ತು.

ಮಧ್ಯಾಹ್ನ ಕೊಳದ ಹತ್ತಿರ ಕೆಲಸದಲ್ಲಿದ್ದಾಗ ಗದ್ದಲ ಕೇಳಿಸಿತು. ಮಾಸ್ತರು ಹೋದರು, ಅವರ ಹಿಂದೆ ನಾವೂ ಹೋದೆವು. ನಮ್ಮ ಒಡ್ಡಿನ ಮುಂದೆ ಒಬ್ಬ ಮುದುಕಿ ತಲೆಯ ಮೇಲೆ ಎರಡೂ ಕೈ ಹೊತ್ತು ಕುಳಿತಿದ್ದಳು. ಸುತ್ತ ಹತ್ತು ಹನ್ನೆರಡು ಜನ. ಆ ಸೀಮೆಯಲ್ಲೂ ಅಜ್ಜಿಗೆ ಆಜಿ ಎನ್ನುತ್ತಿದ್ದರು, ನಾವೂ ಅವಳನ್ನು ಆಮೇಲೆ ಹಾಗೇ ಕರೆದೆವು. ಅವರ ಹಿಂದಿಯಂಥ ಮಾತು ಮಾಸ್ತರಿಗೆ ಪೂರ್ತಿ, ನಮಗೆ ಅರ್ಧ ತಿಳಿಯುತ್ತಿತ್ತು. ಅರ್ಧವೇ ಸಾಕಾಯಿತು.

ಅಲ್ಲಿ ಬಿತ್ತುವ ಮೊದಲು ಬರೀ ಹೊಲಕ್ಕೆ ನೀರುಣಿಸುತ್ತಾರೆ. ನೆಲ ನೆಂದ ಮೇಲೆ ಉತ್ತು ಬೀಜ ಹಾಕುತ್ತಾರೆ. ಕಾಲುವೆಯ ನೀರು ಒಬ್ಬೊಬ್ಬರಿಗೆ ಪಾಳಿಯ ಮೇಲೆ ಬರುತ್ತದೆ. ಆಜಿಯ ಪಾಳಿ ಆವತ್ತು ನಸುಕಿನಿಂದ ಮಧ್ಯಾಹ್ನದವರೆಗೆ. ಮನೆಯಲ್ಲಿ ಗಂಡಸರಿಲ್ಲ, ನೀರು ತಿರುವಿ ಮೊಮ್ಮಗುವಿಗೆ ಗಂಜಿ ಕಾಯಿಸಲು ಹೋಗಿದ್ದಾಳೆ. ನೀರು ತನ್ನಷ್ಟಕ್ಕೆ ಹರಿಯುತ್ತದೆ, ಅದನ್ನು ಆ ಊರಿನಲ್ಲಿ ಯಾರು ತಡೆಯುತ್ತಾರೆ? ಬಂದು ನೋಡಿದರೆ ಹೊಲದ ಒಂದು ಮೂಲೆ ಮಾತ್ರ ನೆಂದಿದೆ. ಪಾಳಿ ಮುಗಿದಿದೆ. ಇನ್ನು ಅವಳ ಪಾಳಿ ಬರುವ ಹೊತ್ತಿಗೆ ಬಿತ್ತುವ ಹಂಗಾಮು ಮುಗಿದಿರುತ್ತದೆ.

ಮಾಸ್ತರು ಬಗ್ಗಿ ಒಡ್ಡು ನೋಡಿದರು. ಹುಲ್ಲಿನ ಹೆಂಟೆ ಮುಟ್ಟಿದರು, ತುಳಿದ ಹಿಮ್ಮಡದ ಗುರುತು ಮುಟ್ಟಿದರು. ಅಂಥ ಒಡ್ಡನ್ನು ಆ ಇಡೀ ದೇಶದಲ್ಲಿ ಹಾಕುವವರು ನಾವಲ್ಲದೆ ಇನ್ನಾರು? ಅವರು ತಲೆ ಎತ್ತಿ ನಮ್ಮನ್ನು ಒಬ್ಬೊಬ್ಬರನ್ನಾಗಿ ನೋಡಿದರು. ಅವರ ಕಣ್ಣು ನನ್ನ ಹತ್ತಿರ ಬಂದಾಗ ನಾನು ನೆಲ ನೋಡಿದೆ. ಯಾರು ಮಾಡಿದ್ದು ಎಂದು ಊರವರು ಕೂಗುತ್ತಿದ್ದರು, ಒಬ್ಬನ ಕೈಯಲ್ಲಿ ಬಡಿಗೆ ಇತ್ತು. ಬಾಯಿ ಬಿಡಬೇಕೆಂದು ಎಷ್ಟು ಯತ್ನಿಸಿದೆನೋ ದೇವರಿಗೇ ಗೊತ್ತು, ಆದರೆ ಬಿಡಲಿಲ್ಲ ಎಂಬುದು ಎಲ್ಲರಿಗೂ ಗೊತ್ತು.

ಮಾಸ್ತರು ಆಜಿಯ ಮುಂದೆ ಹೋಗಿ ಮೊಣಕಾಲೂರಿ ಕೈಮುಗಿದರು. "ಈ ಒಡ್ಡು ನನ್ನದು, ತಾಯಿ" ಎಂದು ಹಿಂದಿಯಲ್ಲಿ ಹೇಳಿದರು.

ನಾನು ದಂಗಾದೆ. ದಿನಾ ಬೆಳಿಗ್ಗೆ ನಮ್ಮಿಂದ ಸುಳ್ಳು ಹೇಳುವುದಿಲ್ಲ ಎಂದು ಪಂಚಶೀಲ ಹೇಳಿಸುತ್ತಿದ್ದ ಮನುಷ್ಯ, ಬುದ್ಧ ಹುಟ್ಟಿದ ನೆಲದ ಮೇಲೆ ಮೊಣಕಾಲೂರಿ ಸುಳ್ಳು ಹೇಳಿದರು. ಊರವರು ಬಾಯಿಗೆ ಬಂದದ್ದು ಬೈದರು. ಅವರು ತಲೆ ಬಾಗಿಸಿ ಎಲ್ಲವನ್ನೂ ಕೇಳಿದರು. ಮುಂದಿನ ಪಾಳಿಯವನ ಮನೆಗೆ ಹೋಗಿ ಒಂದು ತಾಸು ನೀರು ಬಿಟ್ಟುಕೊಡೆಂದು ಬೇಡಿದರು. ನನ್ನ ಹೊಲವೂ ಬರಿದೇ ಇದೆ ಎಂದನಂತೆ ಅವನು. ಅದೂ ಖರೆಯೇ.

ತಿರುಗಿ ಬರುವಾಗ ನಾನು ಅವರ ಹಿಂದೆ ಓಡಿದೆ. "ಸರ, ನೀವ್ಯಾಕ ಸುಳ್ಳ ಹೇಳಿದ್ರಿ?"

"ಸುಳ್ಳ ಎಲ್ಲಿ ಹೇಳಿನಿ? ನಿಮ್ಮನ್ನ ಕರಕೊಂಡ ಬಂದವ ನಾ. ನಿಮ್ಮ ಕೈಲೆ ಏನಾದ್ರೂ ಅದು ನಂದ." ನಡೆಯುತ್ತಲೇ ಹೇಳಿದರು. "ಊರ ಮಂದಿಗೆ ಇಷ್ಟ ಸಾಕು. ಅಕಿಗೆ ಮಾತ್ರ ನೀನ ಹೋಗಿ ಹೇಳಬೇಕ ನೋಡು, ಗುರುಪಾದ."

ಅವರು ನನ್ನನ್ನು ಪೂರ್ತಿ ಹೆಸರಿನಿಂದ ಕರೆದದ್ದು ಅದೇ ಮೊದಲು.

ಅಷ್ಟರಲ್ಲಿ ಮಲ್ಲ್ಯಾ ಎಲ್ಲಿ ಹೋದನೆಂದು ಹುಡುಕಿದರೆ ಅವನು ಆಜಿಯ ಹೊಲದ ಒಣ ಭಾಗದಲ್ಲಿ ಕುಕ್ಕರಗಾಲಲ್ಲಿ ಕುಳಿತು ಗೇಣುದ್ದ ಕುಣಿ ತೋಡುತ್ತಿದ್ದ. ಒಳಗಿನ ಮಣ್ಣನ್ನು ಮುಷ್ಟಿಯಲ್ಲಿ ಹಿಡಿದು ಒತ್ತಿದ, ಉಂಡೆಯಾಯಿತು. ಮೂಸಿ ನೋಡಿದ.

"ಹಸಿ ಐತ್ರಿ ಸರ. ಮ್ಯಾಲ ಒಣಗೈತಿ ಅಷ್ಟ. ಇಷ್ಟ ಹಸಿ ಇದ್ರ ನಮ್ಮಪ್ಪ ಕನಮಡ್ಯಾಗ ಹಿಂಗಾರಿ ಬಿತ್ತಿ ಮೀಸಿ ತಿರುವತಾನ."

ಹೀಗೆ ಕೊಳದ ಶ್ರಮದಾನ ನಿಂತು ಆಜಿಯ ಹೊಲದ ಶ್ರಮದಾನ ಶುರುವಾಯಿತು. ಅವಳು ಬಿತ್ತಬೇಕೆಂದಿದ್ದದ್ದು ಬಟಾಣಿ. ಬೀಜವನ್ನು ಒಂದು ದಿನ ನೆನೆ ಹಾಕಿ, ಹದಿನಾರು ಜನ ಸಾಲು ಹಿಡಿದು, ಹಸಿ ಸಿಗುವವರೆಗೆ ಕಡ್ಡಿಯಿಂದ ತೂತು ಮಾಡಿ, ಒಂದೊಂದೇ ಕಾಳು ಇಳಿಸಿ, ಮೇಲೆ ಮಣ್ಣೆಳೆದು ಹಿಮ್ಮಡದಿಂದ ಒತ್ತುತ್ತ ಹೋದೆವು. ಮಾಸ್ತರೂ ಒಂದು ಸಾಲು ಹಿಡಿದರು. ಊರವರು ಬದುವಿನ ಮೇಲೆ ಸಾಲಾಗಿ ಕುಳಿತು ನೋಡಿದರು. ನೀರಿಲ್ಲದೆ ಬಿತ್ತುವ ಹುಚ್ಚರನ್ನು ಅವರು ಹಿಂದೆ ಕಂಡಿರಲಿಲ್ಲ. ಒಡ್ಡು ಹಾಕಿದ ದಿನ ಬೆಳಿಗ್ಗೆ ನಾವು ಅವರನ್ನು ಹುಚ್ಚರೆಂದದ್ದು ಅವರಿಗೆ ಗೊತ್ತಿರಲಿಲ್ಲ.

ಬಿತ್ತನೆಯ ಎರಡನೆಯ ದಿನದ ಸಂಜೆ ನಾನು ಆಜಿಯ ಮುಂದೆ ಹೋಗಿ ನಿಂತೆ. ನಮ್ಮ ಜಿಲ್ಲಾ ಊರಿನ ಗಾಂಧಿ ಚೌಕದ ಅಂಗಡಿಗಳ ಮುಂದೆ ನಿಂತು ಕಲಿತ ನನ್ನ ಹರಕು ಹಿಂದಿಯಲ್ಲಿ ಒಡ್ಡು ಹಾಕಿದವನು ನಾನು ಎಂದೆ. ಅವಳು ಕಾಳು ಆರಿಸುತ್ತಿದ್ದಳು, ಕೈ ನಿಂತಿತು. ಯಾಕೆ ಎಂದಳು. ನಮ್ಮ ಕಡೆ ಬರೀ ನೆಲಕ್ಕೆ ಯಾರೂ ನೀರು ಬಿಡುವುದಿಲ್ಲ ಎಂದೆ. ಯಾಕೆ ಎಂದಳು. ಆಗ ನಾನು ಎಲ್ಲ ಹೇಳಿದೆ. ಬಾವಿಯ ತಳ, ಕಟ್ಟೆಯ ಮೇಲೆ ಕಾಯುವ ಅವ್ವ, ಅರ್ಧ ತಂಬಗಿಯೋ ತುಂಬವೋ ಎಂದು ಕೇಳುವ ಅಜ್ಜಿ, ಮುಖ ತೊಳೆದ ನೀರು ಕರಿಬೇವಿಗೆ ಹೋಗುವುದು. ಹೇಳುತ್ತ ಹೋದಂತೆ ಅವಳ ಮುಖ ಬದಲಾಯಿತು. ಕೈಯನ್ನು ಗಲ್ಲಕ್ಕೆ ಹಚ್ಚಿಕೊಂಡಳು. ತನ್ನ ಪಾಳಿ ತಪ್ಪಿದಾಗಲೂ ಅವಳು ಅಷ್ಟು ಗಾಬರಿಯಾಗಿರಲಿಲ್ಲ. ನಾನು ಬೈಗುಳಕ್ಕೆ, ಒಂದೆರಡು ಏಟಿಗೂ ತಯಾರಾಗಿ ಹೋಗಿದ್ದೆ. ಅವಳು ಕೇಳಿದ್ದು ಒಂದೇ ಮಾತು, ಅದನ್ನು ನಮ್ಮ ಮಾತಿನಲ್ಲಿ ಹೇಳಿದರೆ ಹೀಗೆ: "ಹಂಗಾರ ನಿಮ್ಮವ್ವ ಹೆಂಗ ಬದಕತಾಳಪ್ಪಾ?"

ಹಾಗೆಂದು ಯಾರೂ ನನ್ನನ್ನು ಅದುವರೆಗೆ ಕೇಳಿರಲಿಲ್ಲ, ನಾನೂ ಕೇಳಿಕೊಂಡಿರಲಿಲ್ಲ. ಅಲ್ಲೇ ನಿಂತು ಅತ್ತುಬಿಟ್ಟೆ.

ಬಿತ್ತಿ ಒಂದು ವಾರವಾದ ಮೇಲೆ, ಹೊರಡುವ ದಿನ ಬೆಳಿಗ್ಗೆ ಹೊಲಕ್ಕೆ ಓಡಿಹೋಗಿ ನೋಡಿದೆ. ಆಜಿ ತಾನೇ ಬಿತ್ತಿದ್ದ, ನೀರು ಕುಡಿದ ಮೂಲೆಯಲ್ಲಿ ಅಲ್ಲೊಂದು ಇಲ್ಲೊಂದು ಮೊಳಕೆ ಇಣುಕಿತ್ತು. ನಾವು ಬಿತ್ತಿದ ಕಡೆ ಏನೂ ಇರಲಿಲ್ಲ. ಆಳದಲ್ಲಿ ಹಾಕಿದ ಕಾಳು ತಡವಾಗಿ ಏಳುತ್ತದೆ ಎಂದ ಮಲ್ಲ್ಯಾ. ಎದ್ದಿತೋ ಇಲ್ಲವೋ, ಇವತ್ತಿನವರೆಗೂ ನನಗೆ ಗೊತ್ತಿಲ್ಲ. ಆಜಿಗೆ ಓದು ಬರಹ ಬರುತ್ತಿರಲಿಲ್ಲ. ಮಾಸ್ತರು ಬರೆದ ಎರಡು ಕಾಗದಗಳಿಗೆ ಯಾರೂ ಉತ್ತರ ಬರೆಯಲಿಲ್ಲ.

ನಾವು ಎತ್ತಿನ ಗಾಡಿ ಹತ್ತುವಾಗ ಆಜಿ ಬಂದಳು. ಅವಳ ಕೈಯಲ್ಲಿ ಸಾಸಿವೆ ಎಣ್ಣೆಯ ಒಂದು ಹಳೆಯ ಬಾಟಲಿ, ಬಾಯಿಗೆ ಬಟ್ಟೆಯ ಬೂಚು. ಒಳಗೆ ನೀರು. ಅದೇ ಕಾಲುವೆಯ ನೀರು. ಯಾರ ಕಡೆಯೂ ನೋಡದೆ ನೇರ ನನ್ನ ಹತ್ತಿರ ಬಂದು, ಬಾಟಲಿಯನ್ನು ನನ್ನ ಎರಡೂ ಕೈಯಲ್ಲಿಟ್ಟು, ನಿಮ್ಮವ್ವನಿಗೆ ಕೊಡು ಎಂದಳು. ಅವಳ ಪಾಳಿಯನ್ನು ಹಾಳುಮಾಡಿದ ಕೈಗಳು ಅವು.

ಆಮೇಲೆ ನಾವು ಕಾಶಿ ನೋಡಿದೆವಂತೆ, ಸಾರನಾಥ ನೋಡಿದೆವಂತೆ. ಮಾಸ್ತರ ಡೈರಿಯಲ್ಲಿ ಬರೆದಿತ್ತು. ನನಗೆ ನೆನಪಿರುವುದು ತೊಡೆಯ ಮೇಲಿನ ಬಾಟಲಿ ಒಂದೇ. ದಾರಿಯಲ್ಲಿ ನೀರು ಸಿಗದ ಒಂದು ಮಧ್ಯಾಹ್ನ ಹುಡುಗರೆಲ್ಲ ಅದನ್ನೇ ನೋಡುತ್ತ ಕುಳಿತಿದ್ದರು, ಯಾರೂ ಕೇಳಲಿಲ್ಲ.

ತಿಕೋಟಾದಲ್ಲಿ ಇಳಿದಾಗ ಓಣಿ ಓಣಿಯೇ ನಮ್ಮ ಮನೆಗೆ ಬಂದಿತ್ತು. ಪರದೇಶದಿಂದ ಹುಡುಗ ಏನು ತಂದಾನ ಎಂದು ಎಲ್ಲರಿಗೂ ಕುತೂಹಲ. ಬಬಲೇಶ್ವರದ ಹುಡುಗನೊಬ್ಬ ತನ್ನ ಅಕ್ಕನಿಗೆ ಹವಳದ ಸರ ತಂದಿದ್ದು ಆಗಲೇ ಸುದ್ದಿಯಾಗಿತ್ತು. ನಾನು ಗಂಟಿನಿಂದ ಬಾಟಲಿ ತೆಗೆದೆ.

"ಎಣ್ಣಿಯೇನೋ?" ಎಂದ ನಮ್ಮ ಕಾಕಾ.

"ನೀರ್ರಿ ಕಾಕಾ."

ಕಾಕಾ ನಮ್ಮವ್ವನ ಕಡೆ ನೋಡಿ, ಹುಡುಗನಿಗೆ ಬಿಸಿಲು ಬಡಿದಿರಬೇಕು ಎಂಬಂತೆ ತಲೆ ಅಲ್ಲಾಡಿಸಿದ. ಒಬ್ಬೊಬ್ಬರೇ ಎದ್ದು ಹೋದರು. ನಾನು ಅವ್ವನಿಗೆ ಮೊದಲಿನಿಂದ ಎಲ್ಲ ಹೇಳಿದೆ, ಸಲಿಕೆ ತರೋಣ ಎಂದವನು ನಾನು ಎಂಬುದನ್ನೂ, ಬಾಯಿ ಬಿಡದೆ ನೆಲ ನೋಡಿದ್ದನ್ನೂ. ಬಾವಿಯ ಕಟ್ಟೆಯ ಸುದ್ದಿ ಕೇಳಿ ಆಜಿ ಗಲ್ಲಕ್ಕೆ ಕೈ ಹಚ್ಚಿಕೊಂಡದ್ದನ್ನು ಹೇಳಿದಾಗ ಅವ್ವ ಬಾಟಲಿಯನ್ನು ತನ್ನ ಕಡೆ ಎಳೆದುಕೊಂಡಳು. ಬೂಚು ತೆಗೆದಳು. ಸಾಸಿವೆ ಎಣ್ಣೆಯ ವಾಸನೆ ಬಂತು.

ಕುಡಿಯುತ್ತಾಳೆ ಎಂದುಕೊಂಡೆ. ಇಲ್ಲ, ಜಗಲಿಯ ಮೇಲೆ ದೇವರ ಹತ್ತಿರ ಇಡುತ್ತಾಳೆ ಎಂದುಕೊಂಡೆ. ಅವಳು ಎದ್ದು ಹಿತ್ತಲಿಗೆ ಹೋದಳು. ಎಮ್ಮೆಯನ್ನು ದಾಟಿದಳು, ಕರಿಬೇವನ್ನು ದಾಟಿದಳು, ನುಗ್ಗಿ ಗಿಡವನ್ನೂ ದಾಟಿದಳು. ಅದರಾಚೆ ಏನೂ ಇಲ್ಲದ ಬರೀ ನೆಲದ ಮೇಲೆ ನಿಂತು ಬಾಟಲಿಯನ್ನು ಬೋರಲು ಹಾಕಿದಳು. ನಮ್ಮವ್ವ ನೀರನ್ನು ಹಾಗೆ ಚೆಲ್ಲಿದ್ದನ್ನು ನಾನು ಅದರ ಹಿಂದೆ ನೋಡಿರಲಿಲ್ಲ, ಮುಂದೆಯೂ ನೋಡಲಿಲ್ಲ.

"ಯವ್ವಾ, ಅಲ್ಲೇನೂ ಇಲ್ಲಲ್ಲಬೇ" ಎಂದು ಓಡಿಹೋಗಿ ಅವಳ ಕೈ ಹಿಡಿದೆ.

ಅವ್ವ ನನ್ನ ಕೈಯನ್ನು ಮೆಲ್ಲಗೆ ಬಿಡಿಸಿದಳು. ಕೊನೆಯ ಹನಿ ಇಂಗುವವರೆಗೂ ನೋಡಿದಳು.

"ಅಕಿ ಹೊಲದಾಗೂ ಏನೂ ಇದ್ದಿದ್ದಿಲ್ಲ" ಎಂದಳು. ಖಾಲಿ ಬಾಟಲಿಯನ್ನು ನನ್ನ ಕೈಗೆ ಕೊಟ್ಟು ರೊಟ್ಟಿ ಬಡಿಯಲು ಒಳಗೆ ಹೋದಳು.